ಮುಂಗಡ ಕೊಡುವ ಮೊದಲು: ಹುಬ್ಬಳ್ಳಿ-ಧಾರವಾಡದ ಮನೆಗೆ ಎಲೆಕ್ಟ್ರಿಕ್ ಎಸ್‌ಯುವಿ ಹೊಂದುತ್ತದಾ ಎಂದು ನೋಡುವ ಕ್ರಮ

ಎಲೆಕ್ಟ್ರಿಕ್ ಎಸ್‌ಯುವಿ ನೋಡಲು ಹೋದವರು ಸಾಮಾನ್ಯವಾಗಿ ಮಾಡುವುದು ಇಷ್ಟೇ. ಭಾನುವಾರ ಶೋರೂಂಗೆ ಹೋಗುತ್ತಾರೆ. ಎರಡು ಕಿಲೋಮೀಟರ್ ಓಡಿಸುತ್ತಾರೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಡಿ ಚಿಮ್ಮುತ್ತದೆ, ಎಲ್ಲರಿಗೂ ಖುಷಿ, ಮುಂಗಡ ಕೊಟ್ಟು ಬರುತ್ತಾರೆ. ತಕರಾರು ಶುರುವಾಗುವುದು ಗಾಡಿ ಮನೆಗೆ ಬಂದ ಮೇಲೆ. ಚಾರ್ಜರ್‌ನಲ್ಲಿ ಕೆಂಪು ದೀಪ. ಹಿಂದೆ ಕೂತ ಅವ್ವನಿಗೆ ಹೊಟ್ಟೆ ತೊಳಸು. ಕರೆಂಟ್ ಬಿಲ್ ನೋಡಿ ಅಪ್ಪನ ಮುಖ ಬಿಗಿ.

ಮೂರು ಮಂದಿ ನೆಂಟರ ಜೊತೆ ಈ ಕೆಲಸಕ್ಕೆ ಓಡಾಡಿದ್ದೇನೆ. ಮೂವರೂ ಎಡವಿದ್ದು ಒಂದೇ ಕಡೆ. ಮೊದಲು ಗಾಡಿ ನೋಡಿದರು, ಮನೆಯ ಪ್ಲಗ್ ಕೊನೆಗೆ ನೋಡಿದರು. ಇಲ್ಲಿ ಆ ಕ್ರಮವನ್ನು ತಿರುವಿ ಹಾಕಿದ್ದೇನೆ. ಮೊದಲ ಮೂರು ಹಂತ ಮುಗಿಯುವ ತನಕ ಶೋರೂಂ ಕಡೆ ಹೋಗಬೇಡಿ.

## ಕೈಯಲ್ಲಿ ಇರಬೇಕಾದದ್ದು

ಒಂದು ನೋಟ್‌ಬುಕ್, ಕಳೆದ ಆರು ತಿಂಗಳ ಕರೆಂಟ್ ಬಿಲ್, ಅಳತೆ ಟೇಪು, ಟೈರಿನ ಗಾಳಿ ನೋಡುವ ಗೇಜ್. ಮಲ್ಟಿಮೀಟರ್ ಇಟ್ಟುಕೊಂಡಿರುವ ಒಬ್ಬ ವೈರ್‌ಮನ್. ಎರಡು ರಜೆ ದಿನ. ಮತ್ತೆ ಗಾಡಿಯಲ್ಲಿ ನಿಜವಾಗಿ ಕೂರುವ ಮನೆಮಂದಿ. ಗೆಳೆಯರನ್ನು ಕರೆದುಕೊಂಡು ಹೋದರೆ ಉಪಯೋಗವಿಲ್ಲ. ಅವರು ಸ್ಪೀಡ್ ಮಾತ್ರ ನೋಡುತ್ತಾರೆ.

## ಹಂತ 1: ಒಂದು ವಾರದ ಓಡಾಟ ಬರೆದಿಡಿ

ಈಗಿರುವ ಕಾರು ಅಥವಾ ಬೈಕಿನ ಮೀಟರ್ ಓದಿ, ಪ್ರತಿ ರಾತ್ರಿ ಆ ದಿನದ ಕಿಲೋಮೀಟರ್ ಬರೆಯಿರಿ. ಊಹೆ ಮಾಡಬೇಡಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. ದಿನಾ ಹೋಗಿ ಬರುವವರು ಶಾಲೆ, ಸಂತೆ ಎಲ್ಲ ಸೇರಿಸಿ 50-55ರಲ್ಲಿ ಇರುತ್ತಾರೆ. ಊರೊಳಗೇ ಇರುವವರದು 25 ದಾಟುವುದಿಲ್ಲ.

ಇದರ ಜೊತೆ ವರ್ಷದ ದೂರದ ಪ್ರಯಾಣಗಳನ್ನೂ ಪಟ್ಟಿ ಮಾಡಿ. ಸವದತ್ತಿ ಯಲ್ಲಮ್ಮ, ಗದಗಿನ ಬೀಗರ ಮನೆ, ಹಾವೇರಿ, ಬೆಳಗಾವಿ, ಬೆಂಗಳೂರು. ಯಾವುದಕ್ಕೆ ವರ್ಷದಲ್ಲಿ ಎಷ್ಟು ಸಲ ಎಂದು ಎದುರಿಗೆ ಬರೆಯಿರಿ. ವರ್ಷಕ್ಕೆ ಎರಡು ಸಲ ಹೋಗುವ ಬೆಂಗಳೂರಿಗಾಗಿ ದೊಡ್ಡ ಬ್ಯಾಟರಿಗೆ ಲಕ್ಷಗಟ್ಟಲೆ ಜಾಸ್ತಿ ಸುರಿಯಬೇಕೇ ಎಂಬುದು ಈ ಪಟ್ಟಿ ಎದುರಿಗಿದ್ದರೆ ತಾನೇ ತಿಳಿಯುತ್ತದೆ.

## ಹಂತ 2: ಮನೆಯ ಕರೆಂಟ್ ತಪಾಸಣೆ

ಅತಿ ಹೆಚ್ಚು ಜನ ಬಿಟ್ಟುಬಿಡುವ ಹಂತ ಇದೇ. ನನ್ನ ಕಾಕಾನ ಮಗ ಗಾಡಿ ತಂದ ರಾತ್ರಿ ಪೂಜೆ ಮುಗಿಸಿ ಚಾರ್ಜರ್ ಹಚ್ಚಿದ. ಕೆಂಪು ದೀಪ ಬಂತು. ಗಾಡಿ ಕೆಟ್ಟಿದೆ ಎಂದು ಶೋರೂಮಿನವರ ಜೊತೆ ಫೋನಿನಲ್ಲೇ ಜಗಳ. ಗಾಡಿಗೆ ಏನೂ ಆಗಿರಲಿಲ್ಲ, ಮನೆಗೆ ಸರಿಯಾದ ಅರ್ಥಿಂಗ್ ಇರಲಿಲ್ಲ. ಫ್ರಿಜ್, ಟಿವಿ ಅರ್ಥಿಂಗ್ ಇಲ್ಲದೆಯೂ ನಡೆಯುತ್ತವೆ. ಹಾಗಾಗಿ ಇಪ್ಪತ್ತು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ಇವಿ ಚಾರ್ಜರ್ ಮಾತ್ರ ಅರ್ಥಿಂಗ್ ನೋಡಿಯೇ ಕೆಲಸ ಶುರು ಮಾಡುತ್ತದೆ.

ಅರ್ಥಿಂಗ್. ಗಾಡಿ ನಿಲ್ಲಿಸುವ ಜಾಗದ ಪ್ಲಗ್ಗಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಯಿಸಿ. ಮನೆಯಲ್ಲಿ ಗೀಸರ್ ಅಥವಾ ಇಸ್ತ್ರಿ ಪೆಟ್ಟಿಗೆ ಹಚ್ಚಿಟ್ಟೇ ಅಳೆಯಬೇಕು. ಎರಡು ಮೂರು ವೋಲ್ಟ್ ಬಂದರೆ ಚಿಂತೆ ಇಲ್ಲ. ಐದಕ್ಕಿಂತ ಮೇಲೆ ಹೋದರೆ ಹೊಸ ಅರ್ಥಿಂಗ್ ಗುಂಡಿ ತೋಡಿಸಿ. ಬೇಸಿಗೆಯಲ್ಲಿ ಎರಿ ಮಣ್ಣು ಒಣಗಿ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥಿಂಗ್ ಏಪ್ರಿಲ್‌ನಲ್ಲಿ ಕೈ ಕೊಡುವುದು ಇದಕ್ಕೇ. ಗದಗ, ಅಣ್ಣಿಗೇರಿ, ನವಲಗುಂದ ಕಡೆಯವರು ಗುಂಡಿಗೆ ಆಗಾಗ ನೀರು ಹಾಕುವ ವ್ಯವಸ್ಥೆಯನ್ನೂ ಮಾಡಿಸಿ.

ವೈರ್. 15 ಆಂಪ್ ಪ್ಲಗ್ಗಿನಲ್ಲಿ ಚಾರ್ಜ್ ಮಾಡುವುದಾದರೆ ಮೀಟರ್ ಬೋರ್ಡಿನಿಂದ ನೇರವಾಗಿ ಬೇರೆ ಲೈನ್ ಎಳೆಸಿ. 4 ಚದರ ಮಿಲಿಮೀಟರ್‌ನ ತಾಮ್ರದ ವೈರ್ ಇರಲಿ. 7.2 ಕಿಲೋವ್ಯಾಟ್ ಚಾರ್ಜರ್ ಹಚ್ಚುವುದಾದರೆ 32 ಆಂಪ್ ಹರಿಯುತ್ತದೆ, 6 ಚದರ ಮಿಲಿಮೀಟರ್ ಬೇಕು. ದೂರ ಜಾಸ್ತಿ ಇದ್ದರೆ ಅದಕ್ಕಿಂತ ದಪ್ಪ. ಎರಡಕ್ಕೂ ಪ್ರತ್ಯೇಕ ಎಂಸಿಬಿ (ಕರೆಂಟ್ ಜಾಸ್ತಿ ಹರಿದರೆ ತಾನೇ ಬೀಳುವ ಸ್ವಿಚ್) ಮತ್ತು ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಇರಲೇಬೇಕು. ಗೀಸರ್‌ನ ಲೈನಿನಿಂದ ಎಳೆಯುತ್ತೇನೆ ಎನ್ನುವ ವೈರ್‌ಮನ್‌ಗೆ ನಮಸ್ಕಾರ ಹೇಳಿ ಕಳಿಸಿ. ಗೀಸರ್ ಹತ್ತು ನಿಮಿಷ ನಡೆಯುತ್ತದೆ, ಗಾಡಿ ಇಡೀ ರಾತ್ರಿ ಎಳೆಯುತ್ತದೆ.

ಲೋಡ್. ಬಿಲ್ಲಿನಲ್ಲಿ ನಿಮ್ಮ ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಇರುತ್ತದೆ. ಹಳೆ ಮನೆಗಳಲ್ಲಿ ಎರಡು ಮೂರು ಇರುತ್ತದೆ. ಸಾಮಾನ್ಯ ಪ್ಲಗ್ಗಿನ ಚಾರ್ಜರ್ ಒಂದೇ 3 ಕಿಲೋವ್ಯಾಟ್‌ಗಿಂತ ಜಾಸ್ತಿ ಎಳೆಯುತ್ತದೆ. ಹಾಗಾಗಿ ಹೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಲೋಡ್ ಹೆಚ್ಚಿಸಲು ಅರ್ಜಿ ಕೊಡಿ. ಇದಕ್ಕೆ ದಿನ ಹಿಡಿಯುತ್ತದೆ. ಗಾಡಿ ಬಂದ ಮೇಲೆ ಶುರು ಮಾಡಿದರೆ ಗಾಡಿ ಅಂಗಳದಲ್ಲಿ ಸುಮ್ನೆ ನಿಂತಿರುತ್ತದೆ.

ಗೃಹಜ್ಯೋತಿ. ಶೋರೂಮಿನಲ್ಲಿ ಯಾರೂ ಈ ವಿಷಯ ಎತ್ತುವುದಿಲ್ಲ. ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನೀವೇ ಕಟ್ಟಬೇಕು. ಲೆಕ್ಕ ಹಾಕೋಣ. ದಿನಾ 30 ಕಿಲೋಮೀಟರ್ ಓಡಿಸಿದರೆ ಬ್ಯಾಟರಿಯಿಂದ ಸುಮಾರು 4.2 ಯೂನಿಟ್ ಹೋಗುತ್ತದೆ. ಚಾರ್ಜ್ ಆಗುವಾಗ ಬಿಸಿಯಾಗಿ ಒಂದಿಷ್ಟು ನಷ್ಟವಾಗುತ್ತದೆ, ಮೀಟರಿನಲ್ಲಿ 5 ತಿರುಗುತ್ತದೆ. ತಿಂಗಳಿಗೆ 150. ಮನೆಯದು 90 ಇದ್ದರೆ ಒಟ್ಟು 240. ಇಲ್ಲಿಯ ತನಕ ಸೊನ್ನೆ ಬಿಲ್ ನೋಡಿದವರಿಗೆ ಒಮ್ಮೆಲೇ ಪೂರ್ತಿ ಬಿಲ್ ಬರುತ್ತದೆ. ಪೆಟ್ರೋಲಿಗೆ ಹೋಲಿಸಿದರೆ ಆಗಲೂ ಲಾಭವೇ. ಆದರೆ ಮೊದಲೇ ಗೊತ್ತಿದ್ದರೆ ಮನೆಯಲ್ಲಿ ಮಾತು ಬೆಳೆಯುವುದಿಲ್ಲ. ಇವಿಗೆ ಪ್ರತ್ಯೇಕ ಮೀಟರ್ ಬೇಕೆಂದರೆ ಲೋಡ್ ಅರ್ಜಿ ಕೊಡುವಾಗಲೇ ಕೇಳಿ.

7.2ರ ಚಾರ್ಜರ್ ಎಲ್ಲರಿಗೂ ಬೇಕಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಸಾಮಾನ್ಯ 15 ಆಂಪ್ ಪ್ಲಗ್ಗಿನಲ್ಲಿ ಹಾಕಿದರೂ 150 ಕಿಲೋಮೀಟರ್ ಓಡುವಷ್ಟು ಚಾರ್ಜ್ ಆಗುತ್ತದೆ. ದಿನಕ್ಕೆ 55 ಓಡಿಸುವವರಿಗೆ ಮೂರು ಗಂಟೆ ಸಾಕು.

ಎಚ್ಚರಿಕೆ: ಚಾರ್ಜ್ ಆಗುವಾಗ ಅರ್ಧ ಗಂಟೆ ಬಿಟ್ಟು ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ, ಅಥವಾ ಪ್ಲಗ್ ಸುತ್ತ ಕಂದು ಬಣ್ಣ ಬಂದಿದ್ದರೆ, ಅಲ್ಲಿಗೇ ನಿಲ್ಲಿಸಿ. ಎಕ್ಸ್‌ಟೆನ್ಷನ್ ಬೋರ್ಡ್ ಒಂದು ದಿನಕ್ಕೂ ಬೇಡ.

ಬಾಡಿಗೆ ಮನೆಯವರು, ಅಪಾರ್ಟ್‌ಮೆಂಟಿನವರು ಮೊದಲು ಮಾಲೀಕರಿಂದ ಅಥವಾ ಸಂಘದಿಂದ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಬಾಯಿಮಾತು ಎರಡನೇ ತಿಂಗಳಿಗೆ ಮರೆತುಹೋಗುತ್ತದೆ. ಸ್ವಂತ ಪ್ಲಗ್ ಸಿಗುವುದೇ ಇಲ್ಲ ಎಂದಾದರೆ ಇಲ್ಲಿಗೇ ಕೈ ಬಿಡಿ. ಬರೀ ಹೊರಗಿನ ಚಾರ್ಜಿಂಗ್ ನಂಬಿ ಸಂಸಾರದ ಗಾಡಿ ಇಟ್ಟುಕೊಳ್ಳುವುದು ಬಿಂದಿಗೆ ಹೊತ್ತು ದಿನಾ ಊರಬಾವಿಗೆ ಹೋದ ಹಾಗೆ.

## ಹಂತ 3: ಕಾಗದದ ರೇಂಜನ್ನು ಇಳಿಸಿ ಓದಿ

ರೇಂಜ್ ಎಂದರೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಗಾಡಿ ಓಡುವ ದೂರ. ಜಾಹೀರಾತಿನ ಕಿಲೋಮೀಟರ್ ಪ್ರಯೋಗಾಲಯದ್ದು. 45 ಯೂನಿಟ್ ಬ್ಯಾಟರಿಯ ನೆಕ್ಸಾನ್ ಇವಿಗೆ ಆ ಲೆಕ್ಕದಲ್ಲಿ 489 ಕಿಲೋಮೀಟರ್ ಎಂದಿದೆ. ನಿಜವಾದ ರಸ್ತೆಗೆ ಕಂಪನಿಯೇ ಹೇಳುವುದು 350ರ ಆಸುಪಾಸು. ಯಾವ ಗಾಡಿ ಆದರೂ ಜಾಹೀರಾತಿನ ಸಂಖ್ಯೆಯ ಮುಕ್ಕಾಲು ಭಾಗದ ಒಳಗೇ ನಿಮ್ಮ ಲೆಕ್ಕ ಇರಲಿ. ಹೆದ್ದಾರಿಯಲ್ಲಿ 100ರ ವೇಗದಲ್ಲಿ ಹೋಗುವವರು ಇನ್ನೂ ಇಳಿಸಿಕೊಳ್ಳಿ.

ಅದರಲ್ಲೂ ಪೂರ್ತಿ ಬಳಸಲು ಆಗುವುದಿಲ್ಲ. 15 ಪರ್ಸೆಂಟ್ ಉಳಿದಾಗ ಎಲ್ಲರಿಗೂ ಎದೆ ಡವಡವ. ಹಾಗಾಗಿ ಕೈಗೆ ಸಿಗುವುದು 85 ಪರ್ಸೆಂಟ್ ಅಷ್ಟೇ.

ಬ್ಯಾಟರಿಯ ಜಾತಿಯನ್ನೂ ಕೇಳಿ. ಒಳಗಿನ ರಾಸಾಯನಿಕದ ಮೇಲೆ ಎಲ್‌ಎಫ್‌ಪಿ, ಎನ್‌ಎಂಸಿ ಎಂದು ಎರಡು ಮುಖ್ಯ ಜಾತಿ. ಬಿವೈಡಿ ಅಟ್ಟೊ 3, ಮಹೀಂದ್ರ ಬಿಇ 6, ಎಂಜಿ ವಿಂಡ್ಸರ್‌ನಲ್ಲಿ ಎಲ್‌ಎಫ್‌ಪಿ ಇದೆ. ಕ್ರೆಟಾ ಎಲೆಕ್ಟ್ರಿಕ್‌ನಲ್ಲಿ ಎನ್‌ಎಂಸಿ. ಎನ್‌ಎಂಸಿಯನ್ನು ದಿನಬಳಕೆಗೆ 80 ಪರ್ಸೆಂಟಿಗೆ ನಿಲ್ಲಿಸುವುದು ಬ್ಯಾಟರಿಯ ಆಯುಷ್ಯಕ್ಕೆ ಒಳ್ಳೆಯದು. ಎಲ್‌ಎಫ್‌ಪಿಯನ್ನು ಆಗಾಗ 100ರ ತನಕ ತುಂಬಿಸಬೇಕು. ಇಲ್ಲದಿದ್ದರೆ ಮೀಟರ್ ತೋರಿಸುವ ಪರ್ಸೆಂಟ್ ತಪ್ಪತೊಡಗುತ್ತದೆ.

## ಹಂತ 4: ನಿಂತ ಗಾಡಿಯಲ್ಲಿ ಅರ್ಧ ಗಂಟೆ

ಈಗ ಶೋರೂಂಗೆ ಹೋಗಿ. ಓಡಿಸುವ ಆಸೆ ಸ್ವಲ್ಪ ತಡೆಯಿರಿ. ಮೊದಲು ಮನೆಯ ಹಿರಿಯರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಎಸಿ ಹಾಕಿ, ಹದಿನೈದು ನಿಮಿಷ ಮಾತಾಡುತ್ತಾ ಕೂರಿ.

ಬ್ಯಾಟರಿ ನೆಲದ ಕೆಳಗೆ ಇರುವುದರಿಂದ ಕಾಲಿಡುವ ಜಾಗ ಎತ್ತರಕ್ಕೆ ಬರುತ್ತದೆ. ಸೀಟು ಅಷ್ಟೇ ಎತ್ತರ ಆಗದಿದ್ದರೆ ತೊಡೆಗೆ ಆಸರೆ ಸಿಗುವುದಿಲ್ಲ. ನಮ್ಮ ಚಿಗವ್ವ ಒಂದು ಗಾಡಿಯಲ್ಲಿ ಕೂತ ಕೂಡಲೇ, "ಏನಪಾ ಇದು, ಮೊಣಕಾಲು ಎದಿಗೇ ಬರ್ತಾವಲ್ಲ" ಅಂದರು. ಫೀಚರ್ ಪಟ್ಟಿ ಓದುತ್ತಿದ್ದ ಹುಡುಗ ಸುಮ್ಮನಾದ. ಸೀರೆ ಉಟ್ಟವರು, ಮೊಣಕಾಲು ನೋವಿನವರು ಮೂರು ಸಲ ಹತ್ತಿ ಇಳಿಯಲಿ. ಮೂರನೇ ಸಲ ಬಾಗಿಲು ಹಿಡಿದು ಏಳುವಂತಾದರೆ ಆ ಗಾಡಿ ನಿಮ್ಮ ಮನೆಗಲ್ಲ.

ಡಿಕ್ಕಿ ತೆರೆದು ಟೇಪು ಹಿಡಿಯಿರಿ. ಲೀಟರ್ ಲೆಕ್ಕ ಬೇಡ. ಒಂದು ಜೋಳದ ಚೀಲ, ಎರಡು ಬ್ಯಾಗ್, ಜೊತೆಗೆ ಚಾರ್ಜರ್ ಇರುವ ದೊಡ್ಡ ಚೀಲ ಹಿಡಿಯುತ್ತದಾ? ಕೆಳಗಿನ ಹಲಗೆ ಎತ್ತಿ ಸ್ಟೆಪ್ನಿ ಇದೆಯಾ ನೋಡಿ. ಹಲವು ಇವಿಗಳಲ್ಲಿ ಸ್ಟೆಪ್ನಿ ಇರುವುದಿಲ್ಲ, ಪಂಕ್ಚರ್ ಕಿಟ್ ಮಾತ್ರ ಕೊಡುತ್ತಾರೆ. ಟೈರ್ ಪಕ್ಕದಲ್ಲಿ ಹರಿದರೆ ಆ ಕಿಟ್ ಪ್ರಯೋಜನಕ್ಕೆ ಬರುವುದಿಲ್ಲ. ರಾತ್ರಿ ಹತ್ತಕ್ಕೆ ಬಂಕಾಪುರದ ಹತ್ತಿರ ನಿಂತರೆ ಏನು ಮಾಡುತ್ತೀರಿ ಎಂದು ಯೋಚಿಸಿ.

ಆಮೇಲೆ ಐದು ಜನ ಕೂತು, ಗಾಡಿಯ ಹೊಟ್ಟೆಯಿಂದ ನೆಲಕ್ಕೆ ಎಷ್ಟು ಎತ್ತರ ಉಳಿದಿದೆ ಎಂದು ಅಳೆಯಿರಿ. ಕ್ಯಾಟಲಾಗಿನ ಸಂಖ್ಯೆ ಹಲವು ಸಲ ಖಾಲಿ ಗಾಡಿಯದಾಗಿರುತ್ತದೆ. ನಮ್ಮ ಓಣಿಗಳ ಹಂಪುಗಳು ಯಾವ ನಿಯಮಕ್ಕೂ ಬಗ್ಗುವಂಥವಲ್ಲ. ಕೆಳಗೆ ತಾಗುವುದು ಬ್ಯಾಟರಿಯ ಪೆಟ್ಟಿಗೆ. ಅಲ್ಲಿ ಬಿದ್ದ ಪೆಟ್ಟು ವಾರಂಟಿಗೆ ಬರುವುದಿಲ್ಲ, ಇನ್ಶೂರೆನ್ಸಿಗೆ ಹೋಗಬೇಕು.

## ಹಂತ 5: ನಿಮ್ಮ ದಾರಿಯಲ್ಲಿ, ನಿಮ್ಮ ಭಾರದಲ್ಲಿ ಓಡಿಸಿ

ಶೋರೂಮಿನವರು ತೋರಿಸುವ ದಾರಿ ಎರಡು ಕಿಲೋಮೀಟರ್, ನಯವಾದ ರಸ್ತೆ. ಅದರಿಂದ ರೇಂಜ್ ತಿಳಿಯುವುದಿಲ್ಲ. ಪರ್ಸೆಂಟ್ ಮೀಟರ್ ಪೂರ್ಣ ಸಂಖ್ಯೆ ಮಾತ್ರ ತೋರಿಸುತ್ತದೆ. 10 ಕಿಲೋಮೀಟರಿಗೆ 3 ಪರ್ಸೆಂಟ್ ಇಳಿಯಿತು ಅಂದುಕೊಳ್ಳಿ. ನಿಜವಾಗಿ ಇಳಿದದ್ದು ಎರಡೂವರೆ ಇರಬಹುದು, ಮೂರೂವರೆಯೂ ಇರಬಹುದು. ಎರಡೂವರೆ ಆದರೆ ರೇಂಜ್ 400, ಮೂರೂವರೆ ಆದರೆ 285. ಈ ಉತ್ತರ ಇಟ್ಟುಕೊಂಡು ಏನು ಮಾಡುವುದು?

ಕನಿಷ್ಠ 50 ಕಿಲೋಮೀಟರ್ ಕೇಳಿ. ಕೊಡದಿದ್ದರೆ ಒಂದು ದಿನಕ್ಕೆ ಅದೇ ಮಾಡೆಲ್ ಬಾಡಿಗೆ ತೆಗೆದುಕೊಳ್ಳಿ, ಇಲ್ಲವೇ ಇಟ್ಟುಕೊಂಡಿರುವ ನೆಂಟರನ್ನು ಕೇಳಿ.

ನಾನು ಬಳಸುವ ಸುತ್ತು ಇದು. ಬೆಳಿಗ್ಗೆ ಹತ್ತಕ್ಕೆ ಚನ್ನಮ್ಮ ಸರ್ಕಲ್‌ನಿಂದ ಶುರು. ಹಳೆ ಪಿ.ಬಿ. ರಸ್ತೆಯಲ್ಲಿ ವಿದ್ಯಾನಗರ, ಉಣಕಲ್, ನವನಗರ, ಸತ್ತೂರು ದಾಟಿ ಧಾರವಾಡ. ಚಿಗರಿ ಬಸ್ಸುಗಳು ನಡುವಿನ ದಾರಿಯಲ್ಲಿ ನುಗ್ಗುತ್ತವೆ, ನಾವು ಪಕ್ಕದ ದಾರಿಯಲ್ಲಿ ಸಿಗ್ನಲ್ ಕಾಯುತ್ತೇವೆ. ನಿಂತು ಹೊರಡುವ ಪರೀಕ್ಷೆ ಇಲ್ಲಿ ಆಗುತ್ತದೆ. ಧಾರವಾಡ ದಾಟಿ ನರೇಂದ್ರ ಕ್ರಾಸ್, ಅಲ್ಲಿಂದ ಬೈಪಾಸ್ ಹಿಡಿದು ಗಬ್ಬೂರು. ಇಲ್ಲಿ ಹೆದ್ದಾರಿಯ ಪರೀಕ್ಷೆ. ಒಟ್ಟು 60ರ ಹತ್ತಿರ ಬರುತ್ತದೆ. ಸಮಯ ಉಳಿದರೆ ನೃಪತುಂಗ ಬೆಟ್ಟದ ಏರಿನಲ್ಲಿ ನಿಲ್ಲಿಸಿ, ಮತ್ತೆ ಹೊರಡಿಸಿ, ಗಾಡಿ ಹಿಂದೆ ಜಾರುತ್ತದಾ ನೋಡಿ.

ಹೊರಡುವ ಮೊದಲು. ಟೈರಿನ ಗಾಳಿ ಸರಿ ಮಾಡಿಸಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಪರ್ಸೆಂಟ್ ಬರೆದುಕೊಳ್ಳಿ. ಪರದೆಯ ಮೇಲೆ ದೊಡ್ಡದಾಗಿ ಕಾಣುವ "ಇನ್ನು ಇಷ್ಟು ಕಿಲೋಮೀಟರ್" ಎಂಬ ಸಂಖ್ಯೆಯನ್ನು ಮರೆತುಬಿಡಿ. ಅದು ಹಿಂದೆ ಓಡಿಸಿದವರ ಕಾಲಿನ ಭಾರ ನೋಡಿ ಮಾಡಿದ ಊಹೆ.

ಬಂದ ಮೇಲೆ ಲೆಕ್ಕ. ಓಡಿದ ಕಿಲೋಮೀಟರನ್ನು ಇಳಿದ ಪರ್ಸೆಂಟಿನಿಂದ ಭಾಗಿಸಿ, ನೂರರಿಂದ ಗುಣಿಸಿ. 82ರಿಂದ 63ಕ್ಕೆ ಇಳಿದು 58 ಕಿಲೋಮೀಟರ್ ಓಡಿದ್ದರೆ 305 ಬರುತ್ತದೆ. ಅದರ 85 ಪರ್ಸೆಂಟ್ ಎಂದರೆ 260. ಹಂತ 1ರ ನಿಮ್ಮ ಪಟ್ಟಿಯ ಪಕ್ಕದಲ್ಲಿ ಬರೆಯಬೇಕಾದದ್ದು ಈ 260.

ಗಾಳಿಯನ್ನು ಮರೆಯಬೇಡಿ. ಗದಗಿನ ಕಡೆ ಸುಮ್ಮನೆ ಗಾಳಿಯಂತ್ರ ನೆಟ್ಟಿಲ್ಲ. ಆಷಾಢದಲ್ಲಿ ಪಡುವಣ ಗಾಳಿ ಜೋರು. ಹುಬ್ಬಳ್ಳಿಯಿಂದ ಗದಗಿಗೆ ಹೋಗುವಾಗ ಬೆನ್ನಿಗೆ ಬಂದ ಗಾಳಿ, ವಾಪಸ್ ಬರುವಾಗ ಎದೆಗೆ ಬರುತ್ತದೆ. ಹೋಗುವಾಗಿನ ಲೆಕ್ಕ ನೋಡಿ ಖುಷಿಪಟ್ಟವರು ಬರುವಾಗ ಕಂಗಾಲಾಗುತ್ತಾರೆ. ಒಂದೇ ದಿಕ್ಕಿನ ಲೆಕ್ಕ ಯಾವತ್ತೂ ನಂಬಬೇಡಿ.

ರೀಜನರೇಷನ್. ಆಕ್ಸಿಲರೇಟರ್ ಬಿಟ್ಟ ಕೂಡಲೇ ಗಾಡಿ ತಾನೇ ನಿಧಾನವಾಗಿ, ಆ ಶಕ್ತಿ ಬ್ಯಾಟರಿಗೆ ವಾಪಸ್ ಹೋಗುತ್ತದೆ. ಓಡಿಸುವವರಿಗೆ ಇದು ಮಜಾ. ಹಿಂದೆ ಕೂತವರಿಗೆ ಜೋಲಿ ಹೊಡೆದ ಹಾಗಾಗುತ್ತದೆ. ಮಕ್ಕಳು, ಹಿರಿಯರು ಇರುವಾಗ ಹಂತ ಬದಲಿಸಿ ಬದಲಿಸಿ ನೋಡಿ, ಅವರನ್ನೇ ಕೇಳಿ. ಕಡಿಮೆ ಹಂತಕ್ಕೆ ಇಳಿಸಲು ಪರದೆಯಲ್ಲಿ ನಾಲ್ಕು ಸಲ ಒತ್ತಬೇಕಾದರೆ ಅದು ದಿನಾ ಕಾಡುವ ತೊಂದರೆ. ಸ್ಟೀರಿಂಗ್ ಹಿಂದೆ ಪ್ಯಾಡಲ್ ಇದ್ದರೆ ಅನುಕೂಲ.

ಘಟ್ಟದವರಿಗೆ. ಹುಬ್ಬಳ್ಳಿಯಿಂದ ಅಂಕೋಲಾ ಸುಮಾರು 130 ಕಿಲೋಮೀಟರ್. ಅರಬೈಲ್ ಘಟ್ಟ ಇಳಿಯುವಾಗ ಚಾರ್ಜ್ ಏರುತ್ತದೆ. ಅದನ್ನು ನೋಡಿ ಕೆಳಗೆ ಚಾರ್ಜ್ ಮಾಡದೆ ಬರುವವರಿದ್ದಾರೆ. ವಾಪಸ್ ಬರುವಾಗ ಎರಡು ಟನ್ ತೂಕವನ್ನು 600 ಮೀಟರ್ ಮೇಲೆ ಎತ್ತಬೇಕು. ಅದಕ್ಕೇ ಮೂರೂವರೆ ಯೂನಿಟ್ ಜಾಸ್ತಿ ಬೇಕು. ಇನ್ನೊಂದು ವಿಷಯ: ಬ್ಯಾಟರಿ ಪೂರ್ತಿ ತುಂಬಿದ್ದಾಗ ರೀಜನರೇಷನ್ ಸರಿಯಾಗಿ ಹಿಡಿಯುವುದಿಲ್ಲ. ಯಲ್ಲಾಪುರದಲ್ಲಿ 100ರ ತನಕ ತುಂಬಿಸಿ ಕೂಡಲೇ ಘಟ್ಟ ಇಳಿಯಬೇಡಿ.

ನೀರು. ಬ್ಯಾಟರಿಗೆ ಐಪಿ67 ಎಂದು ಬರೆದಿರುತ್ತದೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದರ್ಥ. ಅದು ಬ್ಯಾಟರಿ ಪೆಟ್ಟಿಗೆಗೆ ಮಾತ್ರ, ಇಡೀ ಗಾಡಿಗಲ್ಲ. ಮಳೆ ಬಂದಾಗ ನೀರು ನಿಂತ ಅಂಡರ್‌ಪಾಸಿಗೆ ಇಳಿಸಿ ಪರೀಕ್ಷೆ ಮಾಡಲು ಹೋಗಬೇಡಿ.

ತಾನೇ ಬ್ರೇಕ್ ಹಾಕುವ, ಲೇನ್ ಹಿಡಿಯುವ ವ್ಯವಸ್ಥೆ ಇದ್ದರೆ ಅದನ್ನು ಆಫ್ ಮಾಡುವುದು ಎಷ್ಟು ಸುಲಭ ಎಂದು ನೋಡಿ. ದುರ್ಗದಬೈಲಿನಲ್ಲಿ ಬೈಕು, ದನ, ತಳ್ಳುಗಾಡಿ ನಡುವೆ ಅದಕ್ಕೇ ತಲೆ ಕೆಡುತ್ತದೆ.

## ಹಂತ 6: ಹೊರಗೆ ಒಮ್ಮೆ ಚಾರ್ಜ್ ಮಾಡಿ

ಹೊರಗಿನ ವೇಗದ ಚಾರ್ಜರ್‌ನಲ್ಲಿ (ಡಿಸಿ ಚಾರ್ಜರ್) ಒಮ್ಮೆ ನೀವೇ ಗನ್ ಹಿಡಿದು ಹಚ್ಚಿ. ಆ್ಯಪ್ ಹಾಕಿಕೊಳ್ಳುವುದು, ವ್ಯಾಲೆಟ್‌ಗೆ ದುಡ್ಡು ತುಂಬುವುದು, ನೆಟ್‌ವರ್ಕ್ ಸಿಗದಿರುವುದು, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಒಂದೇ ಯಂತ್ರಕ್ಕೆ ಎರಡು ಗನ್ ಇದ್ದರೆ, ಪಕ್ಕದವರು ಬಂದು ಹಚ್ಚಿದ ಕೂಡಲೇ ಎಷ್ಟೋ ಕಡೆ ನಿಮ್ಮ ವೇಗ ಅರ್ಧಕ್ಕೆ ಇಳಿಯುತ್ತದೆ. 80 ಪರ್ಸೆಂಟ್ ದಾಟಿದ ಮೇಲೆ ಹೇಗೂ ನಿಧಾನ. ಅಲ್ಲಿಗೆ ಕಿತ್ತು ಹೊರಡಿ.

ದರ ಯೂನಿಟ್ಟಿಗೆ 20 ರೂಪಾಯಿ ಆಸುಪಾಸು ಬೀಳುತ್ತದೆ. ಮನೆಯಲ್ಲಿ ಕಿಲೋಮೀಟರಿಗೆ ಒಂದು ರೂಪಾಯಿ ಚಿಲ್ಲರೆ ಬಿದ್ದರೆ ಇಲ್ಲಿ ಮೂರು ದಾಟುತ್ತದೆ.

ಬೆಂಗಳೂರು 410 ಕಿಲೋಮೀಟರ್, ಚಿತ್ರದುರ್ಗ ಹೆಚ್ಚುಕಡಿಮೆ ನಡುವೆ. ಊಟಕ್ಕೆ ಅಲ್ಲಿ ನಿಲ್ಲುವವರು ಆಗಲೇ ಚಾರ್ಜ್ ಮಾಡಬಹುದು. ಆದರೆ ಅಲ್ಲಿ ಕೆಟ್ಟಿದ್ದರೆ ಮುಂದಿನ ಚಾರ್ಜರ್ ತಲುಪುವಷ್ಟು ಚಾರ್ಜ್ ಯಾವಾಗಲೂ ಉಳಿದಿರಲಿ. ಹೊರಡುವ ಮೊದಲು ಪ್ಲಗ್‌ಶೇರ್‌ನಂಥ ಆ್ಯಪ್‌ನಲ್ಲಿ, ಕೊನೆಯದಾಗಿ ಯಾರು ಯಾವಾಗ ಚಾರ್ಜ್ ಮಾಡಿದರು ಎಂದು ನೋಡಿ. ಹಸಿರು ಬಣ್ಣ ಕಂಡ ಮಾತ್ರಕ್ಕೆ ಯಂತ್ರ ನಡೆಯುತ್ತಿದೆ ಎಂದಲ್ಲ.

## ಹಂತ 7: ಸರ್ವಿಸ್, ವಾರಂಟಿ, ಕಾಗದ

ಸರ್ವಿಸ್ ಸೆಂಟರ್ ಹೊರಗೆ ಶನಿವಾರ ಬೆಳಿಗ್ಗೆ ಅರ್ಧ ಗಂಟೆ ನಿಲ್ಲಿ. ಅದೇ ಗಾಡಿ ತಂದವರನ್ನು ಮಾತಾಡಿಸಿ. ಬ್ರೋಷರ್‌ನಲ್ಲಿ ಸಿಗದ್ದು ಅಲ್ಲಿ ಸಿಗುತ್ತದೆ. ಒಳಗೆ ಹೋಗಿ ಒಂದು ಪ್ರಶ್ನೆ ಕೇಳಿ: "ಬ್ಯಾಟರಿ ಬಿಚ್ಚಬೇಕಾದರೆ ಇಲ್ಲೇ ಬಿಚ್ಚುತ್ತೀರಾ, ಬೇರೆ ಊರಿಗೆ ಕಳಿಸುತ್ತೀರಾ?" ಉತ್ತರಕ್ಕೆ ತಡವರಿಸಿದರೆ ಬರೆದುಕೊಳ್ಳಿ.

ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಸಾಮಾನ್ಯ. ಕೆಲವರು "ಲೈಫ್‌ಟೈಮ್" ಎನ್ನುತ್ತಾರೆ. ಅದು ಮೊದಲ ಮಾಲೀಕರಿಗೆ ಮಾತ್ರವೇ, ಮಾರಿದ ಮೇಲೆ ಎಷ್ಟು ಉಳಿಯುತ್ತದೆ, ಎಷ್ಟು ಪರ್ಸೆಂಟ್ ಸಾಮರ್ಥ್ಯಕ್ಕೆ ಇಳಿದರೆ ಬದಲಿಸಿ ಕೊಡುತ್ತಾರೆ, ಈ ಮೂರನ್ನೂ ವಾರಂಟಿ ಪುಸ್ತಕದಲ್ಲೇ ಬೆರಳಿಟ್ಟು ತೋರಿಸಲು ಹೇಳಿ. ಬ್ಯಾಟರಿ ಬಾಡಿಗೆಯ ಸ್ಕೀಮ್ ಆದರೆ ತಿಂಗಳಿಗೆ ಕನಿಷ್ಠ ಎಷ್ಟು ಕಿಲೋಮೀಟರಿನ ದುಡ್ಡು ಕಟ್ಟಬೇಕು ಎಂದು ಕೇಳಿ. ದಿನಕ್ಕೆ 25 ಓಡಿಸುವವರು ಓಡಿಸದ ಕಿಲೋಮೀಟರಿಗೂ ದುಡ್ಡು ಕೊಡುವಂತಾಗಬಾರದು.

"ಚಾರ್ಜರ್ ನಾವ ಹಚ್ಚಿಸಿ ಕೊಡ್ತೇವ್ರಿ" ಎನ್ನುತ್ತಾರೆ. ಎಷ್ಟು ಮೀಟರ್ ವೈರ್ ಪುಕ್ಕಟೆ, ಅದರ ಮೇಲೆ ಮೀಟರಿಗೆ ಎಷ್ಟು, ಅರ್ಥಿಂಗ್ ಗುಂಡಿ ಯಾರ ಲೆಕ್ಕ ಎಂದು ಕೊಟೇಶನ್ನಿನಲ್ಲೇ ಬರೆಸಿ. ಎಳೆದೊಯ್ಯಬೇಕಾದರೆ ಇವಿಯನ್ನು ಲಾರಿಯ ಮೇಲೆ ಹೇರಿಯೇ ಒಯ್ಯಬೇಕು, ಚಕ್ರ ನೆಲದ ಮೇಲಿಟ್ಟು ಎಳೆಯಬಾರದು. ಆ ಲಾರಿ ಕಳಿಸುವ ಸೇವೆ ಎಷ್ಟು ವರ್ಷ ಸಿಗುತ್ತದೆ ಎಂದೂ ಬರೆಸಿ.

ಡೆಲಿವರಿ ದಿನ ಹಾರ ಹಾಕುವ ಮೊದಲು ಎರಡು ಕೆಲಸ ಮಾಡಿ. ಅಲ್ಲೇ ಎಸಿ ಚಾರ್ಜರ್‌ಗೂ (ಮನೆಯಲ್ಲಿ ಹಚ್ಚುವಂಥ ನಿಧಾನದ್ದು) ಡಿಸಿ ಚಾರ್ಜರ್‌ಗೂ ಹತ್ತು ಹತ್ತು ನಿಮಿಷ ಹಚ್ಚಿಸಿ, ಎರಡರಲ್ಲೂ ಚಾರ್ಜ್ ಏರುತ್ತದಾ ನೋಡಿ. 12 ವೋಲ್ಟಿನ ಸಣ್ಣ ಬ್ಯಾಟರಿಯ ವೋಲ್ಟೇಜನ್ನೂ ಅಳೆಯಿಸಿ. ಗಾಡಿ ತಿಂಗಳುಗಟ್ಟಲೆ ಯಾರ್ಡಿನಲ್ಲಿ ನಿಂತಿದ್ದರೆ ಮೊದಲು ಸಾಯುವುದು ಆ ಸಣ್ಣದೇ. ಅದು ಸತ್ತರೆ ದೊಡ್ಡ ಬ್ಯಾಟರಿಯಲ್ಲಿ 90 ಪರ್ಸೆಂಟ್ ಇದ್ದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಕಾರ್ಖಾನೆಯಿಂದ ಹೊರಬಂದ ತಿಂಗಳು ಯಾವುದು ಎಂದು ಕೇಳಿ. ನಾಲ್ಕು ತಿಂಗಳಿಗಿಂತ ಹಳೆಯದಾದರೆ ಹೊಸ 12 ವೋಲ್ಟ್ ಬ್ಯಾಟರಿ ಹಾಕಿಕೊಟ್ಟ ಮೇಲೆಯೇ ಸಹಿ ಮಾಡಿ.